ಬೆರಳು ಮತ್ತು ತುಡುವೆ

2000ದ ನಂತರದ ನಾಲ್ಕೈದು ವರ್ಷ ತಾಳಗುಪ್ಪ, ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ತೋಟಗಳಲ್ಲಿ ವೆನಿಲ್ಲಾದ್ದೇ ಮಾತು. ಹಸಿ ಬೀನ್ಸಿನ ದರ ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತು, ಅಷ್ಟೇ ಬೇಗ ನೆಲಕಚ್ಚಿತು. ದರದ ಕಥೆಯನ್ನು ಎಲ್ಲರೂ ಹೇಳಿದ್ದಾರೆ. ಆ ಬೆಳೆಯ ಜೊತೆ ಬಂದ ಕೃತಕ ಪರಾಗಸ್ಪರ್ಶವನ್ನು ಮಾತ್ರ ಯಾರೂ ಸರಿಯಾಗಿ ತೂಗಿ ನೋಡಲಿಲ್ಲ.

ವೆನಿಲ್ಲಾ ಹೂವಿನ ಆಯುಸ್ಸು ಒಂದು ಬೆಳಗು. ಅಷ್ಟರೊಳಗೆ ತುಟಿಯಂಥ ಎಸಳನ್ನು ಸೀಳಿ, ಕಡ್ಡಿಯ ತುದಿಯಿಂದ ಒಳಗಿನ ತೆಳು ಪರದೆಯನ್ನು ಮೇಲೆತ್ತಿ, ಪರಾಗದ ಮುದ್ದೆಯನ್ನು ಹೆಬ್ಬೆರಳಿನಿಂದ ಶಲಾಕಾಗ್ರಕ್ಕೆ ಒತ್ತಬೇಕು. 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡರ ಗುಲಾಮ ಬಾಲಕ ತೋರಿಸಿಕೊಟ್ಟ ವಿದ್ಯೆ ಇದು. ಅದನ್ನು ಕರಗತ ಮಾಡಿಕೊಂಡ ನಮ್ಮ ಹೆಂಗಸರ ಕೈಚಳಕ ದೊಡ್ಡದು, ಅನುಮಾನವಿಲ್ಲ. ಆದರೆ ಆ ಪರದೆ ಅಲ್ಲಿರುವುದೇ ಹೂವಿನ ಪರಾಗ ಅದೇ ಹೂವಿಗೆ ತಾಗದಿರಲಿ ಎಂದು. ಮೆಕ್ಸಿಕೋ ಕಾಡಿನ ಜೇನ್ನೊಣ ಒಂದು ಬಳ್ಳಿಯ ಪರಾಗವನ್ನು ಬೆನ್ನ ಮೇಲೆ ಹೊತ್ತು ಇನ್ನೊಂದಕ್ಕೆ ಒಯ್ಯಲೆಂದು ಆದ ರಚನೆ ಅದು. ನಾವು ಪರದೆ ಎತ್ತಿ, ಹೂವನ್ನು ಅದರದೇ ಪರಾಗಕ್ಕೆ ಗಂಟು ಹಾಕಿದೆವು.

ಪಕ್ಕದಲ್ಲೇ ಇದ್ದ ಏಲಕ್ಕಿಯನ್ನು ನೋಡಿ. ಇದು ನಮ್ಮ ಘಟ್ಟದ್ದೇ ಗಿಡ. ಬುಡದಿಂದ ಹೊರಟ ಗೊಂಚಲಲ್ಲಿ ದಿನಕ್ಕೆ ಅರಳುವುದು ಕೆಲವೇ ಹೂ. ಬಿಳಿ ಎಸಳಿನ ಮೇಲಿನ ನೇರಳೆ ಗೆರೆಗಳು ತುಡುವೆ ಜೇನನ್ನು ಒಳಗೆ ಕರೆಯುತ್ತವೆ. ಒಂದೆರಡು ಹೂವಿನ ಮಕರಂದದಿಂದ ಅದಕ್ಕೆ ಹೊಟ್ಟೆ ತುಂಬುವುದಿಲ್ಲ, ಮುಂದಿನ ಹಿಂಡಿಗೆ ಹಾರಲೇಬೇಕು. ಒಂದು ಸುತ್ತಿನಲ್ಲಿ ತುಡುವೆ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಅಂಟಿಕೊಳ್ಳುವುದರಿಂದ ಪರಾಗ ದಾರಿಯಲ್ಲಿ ಪೋಲಾಗುವುದು ಕಡಿಮೆ. ಯಾವ ಗಿಡದ ಬಣ್ಣ, ಆಕಾರ, ಮಕರಂದದ ಪ್ರಮಾಣ ಈ ಅಲೆದಾಟಕ್ಕೆ ಒಗ್ಗಿತೋ ಅದರ ಬೀಜ ಹೆಚ್ಚಾಯಿತು. ಸಾವಿರಾರು ತಲೆಮಾರಿನಲ್ಲಿ ಹೂವಿನ ರೂಪವೇ ಬದಲಾಯಿತು. ಮಳೆ ಹಿಡಿದು ಜೇನು ಗೂಡು ಬಿಡದ ದಿನಗಳಲ್ಲಿ ಏಲಕ್ಕಿ ಕಾಯಿ ಕಚ್ಚುವುದೂ ತಗ್ಗುತ್ತದೆ. ಇಡುಕ್ಕಿಯ ರೈತರೊಬ್ಬರು ತಮ್ಮ ತೋಟದ ಗಿಡಗಳಲ್ಲೇ ಆಯ್ದು ಬೆಳೆಸಿದ ಞಳ್ಳಾನಿ ತಳಿ ಹೆಸರು ಮಾಡಿತಲ್ಲ, ಅಂಥ ಆಯ್ಕೆಗೆ ಬೇಕಾದ ವೈವಿಧ್ಯ ಗಿಡದಿಂದ ಗಿಡಕ್ಕೆ ಪರಾಗ ಹೊರುವ ಜೇನಿನ ದುಡಿಮೆಯಿಂದ ಬರುವಂಥದ್ದು.

ವೆನಿಲ್ಲಾಕ್ಕೆ ಆ ಭಾಗ್ಯವಿರಲಿಲ್ಲ. ತುಂಡು ನೆಟ್ಟು ಬೆಳೆಸಿದ ಬಳ್ಳಿ, ಅದರದೇ ಪರಾಗದಿಂದ ಕಟ್ಟಿದ ಕಾಯಿ, ಆ ಕಾಯಿಯ ಬೀಜವನ್ನೂ ಯಾರೂ ಬಿತ್ತಲಿಲ್ಲ. ಕೊಳೆಯುವ ರೋಗ ಹೊಕ್ಕ ತೋಟದಲ್ಲಿ ಅದನ್ನು ತಡೆದುಕೊಳ್ಳುವ ಬೇರೆ ಗುಣದ ಬಳ್ಳಿ ಸಿಗುವುದಾದರೂ ಎಲ್ಲಿಂದ?

ಇಳುವರಿಯ ಉಪಾಯವಾಗಿ ಕೈ ಪರಾಗಸ್ಪರ್ಶ ಗೆದ್ದಿದೆ, ಒಪ್ಪುತ್ತೇನೆ. ಅದನ್ನು ಜೇನಿಗೆ ಬದಲಿ ಎಂದು ಮಾತ್ರ ಒಪ್ಪಲಾರೆ. ಹೊಸ ಬೆಳೆ ತರುವ ಮುನ್ನ ಅದರ ಹೂವಿಗೆ ಬರುವವರು ಯಾರೆಂದು ಕೇಳಿಕೊಳ್ಳಿ. ಏಲಕ್ಕಿ ಹೂ ಬಿಟ್ಟಿರುವಾಗ ಬೆಳಗಿನ ಹೊತ್ತು ಔಷಧಿ ಹೊಡೆಯಬೇಡಿ. ಸೊಪ್ಪಿನ ಬೆಟ್ಟದಲ್ಲಿ ಹೂಬಿಡುವ ಮರಗಳನ್ನು ಉಳಿಸಿಕೊಳ್ಳಿ.