ನೂರಹತ್ತು ಡಿಗ್ರಿಯ ಸಮಜಾಯಿಷಿ

ಭಾರ ಬಿದ್ದ ಕೂಡಲೇ ಗ್ರಾಫಿಕ್ಸ್ ಕಾರ್ಡ್ ಮಂಕಾಗುತ್ತದೆ ಎಂದು ದೂರುವವರಿಗೆ ಸಿಗುವ ಸಲಹೆಗಳು ವರ್ಷಾನುಗಟ್ಟಲೆಯಿಂದ ಬದಲಾಗಿಲ್ಲ. ಧೂಳು ಊದಿ, ಥರ್ಮಲ್ ಪೇಸ್ಟ್ ಬದಲಿಸಿ, ಡ್ರೈವರ್ ತೆಗೆದು ಮತ್ತೆ ಹಾಕಿ, ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಬಿಚ್ಚಿಡಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲೂ ಇದೇ ಮಾತು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಗ್ಯಾರೇಜಿನಲ್ಲಿ ಶನಿವಾರ ಮಧ್ಯಾಹ್ನ ಗೆಳೆಯರ ಕಂಪ್ಯೂಟರ್ ಬಿಚ್ಚಿಕೊಂಡು ಕೂರುವ ಕನ್ನಡದ ಎಂಜಿನಿಯರುಗಳ ಬಾಯಲ್ಲೂ ಇದೇ ಮಾತು. ಸಲಹೆಗಳು ಸುಳ್ಳಲ್ಲ, ಎಷ್ಟೋ ಸಲ ಕೆಲಸವನ್ನೂ ಮಾಡುತ್ತವೆ. ನನ್ನ ತಕರಾರು ಬೇರೆ. ಇವೆಲ್ಲ ಉತ್ತರಗಳು, ಕಾರ್ಡನ್ನು ತಡೆದದ್ದು ಯಾವುದು ಎಂಬ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ.

ಇಂದಿನ ಕಾರ್ಡಿನಲ್ಲಿ ನಿಧಾನವಾಗುವುದು ಕೆಟ್ಟುಹೋದದ್ದರ ಗುರುತೇ ಆಗಬೇಕಿಲ್ಲ, ಅದು ಮಾಡಿಟ್ಟ ಏರ್ಪಾಡು. 2012ರ ಮಾರ್ಚಿನಲ್ಲಿ ಎನ್ವಿಡಿಯಾ ಜಿಟಿಎಕ್ಸ್ 680 ಕಾರ್ಡಿನ ಜೊತೆ ‘ಜಿಪಿಯು ಬೂಸ್ಟ್’ ತಂದಿತು. ಅಲ್ಲಿಯವರೆಗೆ ಆಟ ಶುರುವಾದರೆ ಎನ್ವಿಡಿಯಾದ ಕಾರ್ಡು ಗೊತ್ತುಮಾಡಿದ ಒಂದು ವೇಗಕ್ಕೆ ಏರಿ ಅಲ್ಲೇ ನಿಲ್ಲುತ್ತಿತ್ತು. ಆಮೇಲೆ ಹಾಗಲ್ಲ. ಎಷ್ಟು ವಾಟ್ ಬಾಕಿಯಿದೆ, ಬಿಸಿ ಮಿತಿಯೊಳಗಿದೆಯೇ, ವೋಲ್ಟೇಜ್ ಸಾಲುತ್ತದೆಯೇ ಎಂದು ಕಾರ್ಡು ತಾನೇ ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಏರುತ್ತದೆ, ಇಳಿಯುತ್ತದೆ. ಇಳಿಯಲು ಕಾರಣ ಒಂದೇ ಅಲ್ಲ ಎಂದ ಮೇಲೆ ಮದ್ದೂ ಒಂದೇ ಆಗಿರಲಾರದು. ಶಿರಾಡಿ ಘಾಟಿಯಲ್ಲಿ ಬಸ್ಸು ನಿಧಾನವಾದರೆ ಎಂಜಿನ್ ಸೋತಿರಬಹುದು, ಚಾಲಕ ಬ್ರೇಕ್ ಒತ್ತಿರಬಹುದು, ಮುಂದೆ ಲಾರಿ ಸಿಕ್ಕಿರಬಹುದು. ಮೂರಕ್ಕೂ ರೇಡಿಯೇಟರಿಗೆ ನೀರು ಹೊಯ್ಯಿರಿ ಎನ್ನುವವರಿಗೆ ಏನು ಹೇಳೋಣ?

ತಮಾಷೆಯೆಂದರೆ ಕಾರ್ಡು ಕಾರಣವನ್ನು ಬಚ್ಚಿಟ್ಟೂ ಇಲ್ಲ. ಎನ್ವಿಡಿಯಾದ ಡ್ರೈವರಿನ ಜೊತೆಗೇ ‘ಎನ್ವಿಡಿಯಾ-ಎಸ್‌ಎಂಐ’ ಎಂಬ ಸಲಕರಣೆ ಬರುತ್ತದೆ. ಕಪ್ಪು ಪರದೆಯಲ್ಲಿ ಅದಕ್ಕೊಂದು ಆಜ್ಞೆ ಕೊಟ್ಟರೆ ಸಾಲಾಗಿ ಕಾರಣಗಳು ಬೀಳುತ್ತವೆ: ಸಾಫ್ಟ್‌ವೇರ್ ಪವರ್ ಕ್ಯಾಪ್, ಸಾಫ್ಟ್‌ವೇರ್ ಥರ್ಮಲ್ ಸ್ಲೋಡೌನ್, ಹಾರ್ಡ್‌ವೇರ್ ಥರ್ಮಲ್ ಸ್ಲೋಡೌನ್, ಹಾರ್ಡ್‌ವೇರ್ ಪವರ್ ಬ್ರೇಕ್. ಒಂದೊಂದರ ಎದುರಿಗೂ ‘ಆಕ್ಟಿವ್’ ಅಥವಾ ‘ನಾಟ್ ಆಕ್ಟಿವ್’. ವಿಂಡೋಸಿನಲ್ಲಿ ಜಿಪಿಯು-ಝಡ್ ಎಂಬ ತಂತ್ರಾಂಶ ತೆರೆದರೆ ‘ಪರ್ಫ್‌ಕ್ಯಾಪ್ ರೀಸನ್’ ಎಂಬ ಬಣ್ಣದ ಪಟ್ಟಿ ಇದನ್ನೇ ಹೇಳುತ್ತದೆ. ಆಟ ಆಡುತ್ತಿರುವಾಗಲೇ ಹಿಂದೆ ಇದನ್ನು ಫೈಲಿಗೆ ಬರೆಸಿಕೊಂಡರೆ ವೇಗ ಬಿದ್ದ ಗಳಿಗೆಯಲ್ಲಿ ಯಾವ ಸಾಲು ಎದ್ದಿತು ಎಂದು ತಿಳಿಯುತ್ತದೆ. ಪವರ್ ಕ್ಯಾಪ್ ಎದ್ದಿದ್ದರೆ ಕಾರ್ಡು ಆರೋಗ್ಯವಾಗಿಯೇ ಇದೆ, ತನಗೆ ಕೊಟ್ಟ ವಾಟ್‌ಗಳನ್ನು ಪೂರ್ತಿ ಖರ್ಚು ಮಾಡುತ್ತಿದೆ. ಹೊಸ ಪೇಸ್ಟಿನಿಂದ ಅಲ್ಲಿ ಹೆಚ್ಚೇನೂ ಆಗದು. ಅಲ್ಲಿ ವೋಲ್ಟೇಜ್ ಸ್ವಲ್ಪ ಇಳಿಸುವುದು ಮೇಲು, ಏಕೆಂದರೆ ಚಿಪ್ಪು ತಿನ್ನುವ ವಿದ್ಯುತ್ತು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ತುತ್ತತುದಿಯ ನೂರು ಮೆಗಾಹರ್ಟ್ಸ್‌ಗೆ ತೆರುವ ಬೆಲೆ ವಿಪರೀತ. ಯಾವ ಸಾಲೂ ಎದ್ದಿಲ್ಲ, ಆದರೂ ಆಟ ತಡವರಿಸುತ್ತಿದೆ ಎಂದಾದರೆ ಕಾರ್ಡಿನ ಮೇಲೆ ಅಪವಾದ ಹೊರಿಸುವುದನ್ನು ಬಿಟ್ಟು ಪ್ರೊಸೆಸರಿನ ಕಡೆ ನೋಡಬೇಕು.

ಅಳತೆ ಮಾಡದೆ ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ಫ್ರೀಮಾಂಟಿನ ಸೀಮೆಯಾದ ಬೇ ಏರಿಯಾದ ಚರಿತ್ರೆಯಲ್ಲೇ ಸಾಕಷ್ಟು ಸಾಕ್ಷಿಯಿದೆ. 2013ರ ಅಕ್ಟೋಬರಿನಲ್ಲಿ, ಆಗಿನ್ನೂ ಸನಿವೇಲ್‌ನಲ್ಲಿದ್ದ, ಎನ್ವಿಡಿಯಾದ ಪ್ರತಿಸ್ಪರ್ಧಿ ಎಎಂಡಿ, ಆರ್9 290ಎಕ್ಸ್ ಕಾರ್ಡನ್ನು ಬಿಡುಗಡೆ ಮಾಡಿತು. 95 ಡಿಗ್ರಿಯಲ್ಲಿ ಓಡುವುದೇ ಅದರ ವಿನ್ಯಾಸ ಎಂದು ಕಂಪನಿ ಹೇಳಿತು. ವಿಮರ್ಶಕರಿಗೆ ಕಳಿಸಿದ ಕಾರ್ಡುಗಳು ಚುರುಕು, ಅಂಗಡಿಯಲ್ಲಿ ಕೊಂಡ ಕೆಲವು ಮಂಕು. ಕಳ್ಳಾಟ ಎಂಬ ಗುಮಾನಿ ಹಬ್ಬಿತು. ಕೊನೆಗೆ ಸಿಕ್ಕ ವಿವರಣೆ ಬಹಳ ಸಣ್ಣದು: ಡ್ರೈವರು ಫ್ಯಾನಿಗೆ ‘ಶೇಕಡಾ 40’ ಎಂದು ಹೇಳುತ್ತಿತ್ತು, ಆದರೆ ಶೇಕಡಾ 40 ಎಂದರೆ ಒಂದೊಂದು ಫ್ಯಾನಿನಲ್ಲೂ ಒಂದೊಂದು ವೇಗ. ನಿಮಿಷಕ್ಕೆ ಇಷ್ಟು ಸುತ್ತು ಎಂದು ಡ್ರೈವರ್ ತಿದ್ದಿದ ಮೇಲೆ ಕಾರ್ಡುಗಳ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಇಳಿಯಿತು. ಪೇಸ್ಟ್ ಬದಲಿಸುತ್ತ ಕೂತಿದ್ದವರಿಗೆ ಇದು ಎಂದೂ ಸಿಗುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ಪಾಠ ಒಂಬತ್ತು ವರ್ಷದ ಬಳಿಕ ಬಂತು. ಅಷ್ಟರಲ್ಲಿ ಎಎಂಡಿ ಸಾಂಟಾ ಕ್ಲಾರಾಕ್ಕೆ, ಎನ್ವಿಡಿಯಾ ಮತ್ತು ಇಂಟೆಲ್ ಇರುವ ಊರಿಗೇ, ಬಂದಿತ್ತು. 2022ರ ಡಿಸೆಂಬರ್ 13ರಂದು 999 ಡಾಲರಿನ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಮಾರುಕಟ್ಟೆಗೆ ಬಂತು. 355 ವಾಟ್ ನುಂಗುವ ಕಾರ್ಡು. ಕೆಲವೇ ದಿನಗಳಲ್ಲಿ ಕೊಂಡವರ ಗೋಳು ಶುರುವಾಯಿತು: ಫ್ಯಾನು ಅರಚುತ್ತದೆ, ಚಿಪ್ಪಿನ ಅತಿ ಬಿಸಿಯ ಬಿಂದು 110 ಡಿಗ್ರಿ ಮುಟ್ಟುತ್ತದೆ, ವೇಗ ಬೀಳುತ್ತದೆ. 110 ಡಿಗ್ರಿ ಮಿತಿಯೊಳಗೇ ಇದೆ, ಕಾರ್ಡಿನಲ್ಲಿ ದೋಷವಿಲ್ಲ ಎಂಬ ಸಮಜಾಯಿಷಿಯೂ ಆಗ ಕೇಳಿಬಂತು. ಮಾತಿನ ಮಟ್ಟಿಗೆ ಅದು ಸುಳ್ಳಲ್ಲ. ಆ ಚಿಪ್ಪಿಗೆ 110ರವರೆಗೆ ಅನುಮತಿಯಿದೆ. ಆದರೆ ಆ ಒಂದು ಅಂಕಿಯನ್ನು ಒಂಟಿಯಾಗಿ ನೋಡಿದ್ದೇ ತಪ್ಪು. ಪಕ್ಕದಲ್ಲೇ ಇನ್ನೊಂದು ಅಂಕಿಯಿತ್ತು: ಚಿಪ್ಪಿನ ಅಂಚಿನ ಉಷ್ಣತೆ. ಒಳ್ಳೆಯ ಕಾರ್ಡಿನಲ್ಲಿ ಅಂಚಿಗೂ ಬಿಸಿ ಬಿಂದುವಿಗೂ ಹದಿನೈದಿಪ್ಪತ್ತು ಡಿಗ್ರಿ ಅಂತರ. ಇಲ್ಲಿ ಅದು ನಲವತ್ತರ ಆಸುಪಾಸಿಗೆ ಹೋಗಿತ್ತು. ಒಟ್ಟಾರೆ ಕಾವು ಹೆಚ್ಚಿದ್ದರೆ ಎರಡೂ ಒಟ್ಟಿಗೆ ಏರಬೇಕು; ಒಂದೇ ಏರಿದರೆ ಚಿಪ್ಪಿನ ಯಾವುದೋ ಭಾಗದಿಂದ ಬಿಸಿ ಹೊರಗೆ ಹೋಗುತ್ತಲೇ ಇಲ್ಲ ಎಂದರ್ಥ.

ಕಾರಣ ಹುಡುಕಿದ್ದು ಕಂಪನಿಯಲ್ಲ. ‘ಡೆರ್ಬೌವರ್’ ಎಂಬ ಹೆಸರಿನಲ್ಲಿ ವಿಡಿಯೊ ಮಾಡುವ ಜರ್ಮನಿಯ ರೋಮನ್ ಹಾರ್ಟುಂಗ್ ಹೊಸ ವರ್ಷದ ಹೊತ್ತಿಗೆ ಒಂದಕ್ಕಿಂತ ಹೆಚ್ಚು ಕಾರ್ಡುಗಳನ್ನು ಮುಂದಿಟ್ಟುಕೊಂಡು ಕೂತರು. ಪೇಸ್ಟ್ ಅಲ್ಲ, ಸ್ಕ್ರೂಗಳ ಬಿಗಿತ ಅಲ್ಲ ಎಂದು ಒಂದೊಂದನ್ನೇ ಹೊರಗಿಟ್ಟರು. ಆಮೇಲೆ ಯಾರಿಗೂ ತೋಚದ ಕೆಲಸ ಮಾಡಿದರು: ಓಡುತ್ತಿರುವ ಯಂತ್ರವನ್ನೇ ಮಗುಚಿದರು. ಕಾರ್ಡು ನೆಟ್ಟಗೆ ನಿಂತಿದ್ದಾಗ ತಣ್ಣಗಿತ್ತು. ಮಾಮೂಲು ಕ್ಯಾಬಿನೆಟ್ಟಿನಲ್ಲಿರುವಂತೆ ಅಡ್ಡ ಮಲಗಿಸಿದರೆ ಬಿಸಿ ಏರಿತು, ಮತ್ತೆ ನಿಲ್ಲಿಸಿದರೂ ಇಳಿಯಲಿಲ್ಲ. ಆ ಕಾರ್ಡಿನ ಕೂಲರಿನಲ್ಲಿ ವೇಪರ್ ಚೇಂಬರ್ ಇದೆ, ಅಂದರೆ ಗಾಳಿ ತೆಗೆದು ಚೂರು ನೀರು ಬಿಟ್ಟ ತಾಮ್ರದ ಚಪ್ಪಟೆ ಪೆಟ್ಟಿಗೆ. ಚಿಪ್ಪಿನ ಮೇಲೆ ನೀರು ಆವಿಯಾಗಿ, ತಂಪು ಭಾಗದಲ್ಲಿ ಹನಿಗಟ್ಟಿ, ಒಳಗೋಡೆಯ ಜಾಲರಿಯ ಮೂಲಕ ವಾಪಸು ಬರಬೇಕು. ನೀರು ಕಡಿಮೆಯಾದರೆ ಚಿಪ್ಪಿನ ನೆತ್ತಿ ಒಣಗುತ್ತದೆ, ಒಮ್ಮೆ ಒಣಗಿದ ಜಾಗಕ್ಕೆ ಕಾದಿರುವಾಗ ನೀರು ಮರಳುವುದು ಕಷ್ಟ. ಮಗುಚಿದ ಪ್ರಯೋಗಕ್ಕೆ ಈ ವಿವರಣೆ ಸರಿಯಾಗಿ ಕೂತಿತು. 2023ರ ಜನವರಿಯಲ್ಲಿ ಎಎಂಡಿಯ ಸ್ಕಾಟ್ ಹರ್ಕೆಲ್ಮನ್ ಸಂದರ್ಶನವೊಂದರಲ್ಲಿ ಒಪ್ಪಿಕೊಂಡರು: ಕೆಲವು ಬ್ಯಾಚುಗಳಲ್ಲಿ ಸಾಕಷ್ಟು ನೀರು ತುಂಬಿರಲಿಲ್ಲ. ಎಎಂಡಿಯದೇ ವಿನ್ಯಾಸದ ಕಾರ್ಡುಗಳಿಗೆ ಮಾತ್ರ ಈ ದೋಷವಿತ್ತು, ಅವನ್ನು ಬದಲಿಸಿಕೊಡುವುದಾಗಿ ಕಂಪನಿ ಹೇಳಿತು. ತಪಾಸಣೆ ಎಂದರೆ ಇದು ಎಂದು ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಗೂ ಒಂದು ಅಳತೆ.

ಇದರ ಎದುರು ಫರ್‌ಮಾರ್ಕ್ ಹಚ್ಚಿ ಹತ್ತು ನಿಮಿಷ ಕಾಯುವ ಜನಪ್ರಿಯ ಪರೀಕ್ಷೆಯನ್ನು ಇಟ್ಟು ನೋಡಿ. ಕೂದಲಿನ ಉಂಗುರ ತಿರುಗಿಸಿ ಕಾರ್ಡನ್ನು ಬೆವರಿಸುವ ಈ ತಂತ್ರಾಂಶವನ್ನು ಕಂಡರೆ ಕಂಪನಿಗಳು ಹಿಂದಿನಿಂದಲೂ ಎಚ್ಚರ. 2010ರ ಜಿಟಿಎಕ್ಸ್ 580 ಕಾರ್ಡು ಫರ್‌ಮಾರ್ಕ್ ಓಡುತ್ತಿದೆ ಎಂದು ಗುರುತಿಸಿಯೇ ವೇಗ ಇಳಿಸುತ್ತಿತ್ತು. ಇಂದು ಫರ್‌ಮಾರ್ಕಿನಲ್ಲಿ ಕಾಣುವುದು ಬಹುಪಾಲು ವಾಟ್ ಮಿತಿ. ನಿಮ್ಮ ಆಟದಲ್ಲೋ 3ಡಿ ತಂತ್ರಾಂಶ ಬ್ಲೆಂಡರಿನಲ್ಲೋ ಆಗುವ ತೊಂದರೆಯ ಬಗ್ಗೆ ಅದು ಹೇಳುವುದು ಅಷ್ಟಕ್ಕಷ್ಟೆ.

ಚಿಪ್ಪು ತಣ್ಣಗಿದ್ದರೆ ಎಲ್ಲವೂ ಸರಿ ಎಂಬ ನಂಬಿಕೆಯನ್ನು ಆರ್‌ಟಿಎಕ್ಸ್ 3090 ಮುರಿಯಿತು. ಅದರ 24 ಮೆಮೊರಿ ಚಿಪ್ಪುಗಳಲ್ಲಿ 12 ಕಾರ್ಡಿನ ಬೆನ್ನ ಮೇಲಿದ್ದವು, ಫ್ಯಾನಿನ ಗಾಳಿ ಸೋಕದ ಕಡೆ. ಮುಖ್ಯ ಚಿಪ್ಪು 65 ಡಿಗ್ರಿ ತೋರಿಸುತ್ತಿರುವಾಗಲೇ ಮೆಮೊರಿ 110 ಮುಟ್ಟಿ ಕಾರ್ಡನ್ನು ತಡೆಯುತ್ತಿತ್ತು. 2021ರ ಆರಂಭದಲ್ಲಿ ಎಚ್‌ಡಬ್ಲ್ಯುಇನ್ಫೋ ಎಂಬ ತಪಾಸಣೆಯ ತಂತ್ರಾಂಶ ಆ ಅಂಕಿಯನ್ನು ತೋರಿಸತೊಡಗಿದ ಮೇಲಷ್ಟೇ ಇದು ಎಲ್ಲರಿಗೂ ಕಂಡದ್ದು. ಆಗ ಮೆಮೊರಿಯ ಬಿಸಿಯನ್ನು ಕೂಲರಿಗೆ ದಾಟಿಸುವ ಥರ್ಮಲ್ ಪ್ಯಾಡ್ ಬದಲಿಸುವ ಹುಚ್ಚು ಎದ್ದಿತು, ಅರ್ಧ ಮಿಲಿಮೀಟರ್ ದಪ್ಪ ಹೆಚ್ಚಾದರೆ ಕೂಲರು ಚಿಪ್ಪನ್ನೇ ಸರಿಯಾಗಿ ಮುಟ್ಟುವುದಿಲ್ಲ ಎಂಬ ಪಾಠವನ್ನೂ ಅನೇಕರು ಕಲಿತರು.

ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಆಗದು. ಬೇ ಏರಿಯಾದ ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಎಸಿ ಇಲ್ಲ. 2022ರ ಸೆಪ್ಟೆಂಬರ್ 6ರಂದು ಸ್ಯಾನ್ ಹೋಸೆಯಲ್ಲಿ 109 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 43 ಸೆಲ್ಸಿಯಸ್, ಆ ಊರಿನ ದಾಖಲೆ. ಗಾಳಿಯಿಂದ ತಣಿಯುವ ಕಾರ್ಡಿಗೆ ಕೋಣೆ ಒಂದು ಡಿಗ್ರಿ ಏರಿದರೆ ತಾನೂ ಹೆಚ್ಚುಕಡಿಮೆ ಒಂದು ಡಿಗ್ರಿ ಏರುವುದು ಅನಿವಾರ್ಯ. ಸ್ಯಾನ್ ಫ್ರಾನ್ಸಿಸ್ಕೋದ ಸನ್‌ಸೆಟ್ ಬಡಾವಣೆಯ ಮಂಜಿನಲ್ಲಿ ಹಾಯಾಗಿ ಓಡುವ ಕಾರ್ಡು, ಗಂಟೆಯ ದಾರಿಯ ಸ್ಯಾನ್ ಹೋಸೆಯಲ್ಲಿ ಆಗಸ್ಟಿನ ಮಧ್ಯಾಹ್ನ ಮಿತಿ ಮುಟ್ಟಬಹುದು. ಕೋಣೆಯ ಉಷ್ಣತೆ ಬರೆದಿಡದ ಯಾವ ಅಂಕಿಯನ್ನೂ ನಾನು ನಂಬುವುದಿಲ್ಲ. 

ಇಷ್ಟು ಹೇಳಿದ ಮೇಲೆ ಕಂಪನಿಗಳ ಮೇಲಿನ ಆಕ್ಷೇಪಕ್ಕೆ ಬರಬೇಕು. ನೀರಿಲ್ಲದ ಆ ಪೆಟ್ಟಿಗೆಯನ್ನು ಹಿಡಿದುಕೊಟ್ಟದ್ದು ಅಂಚು ಮತ್ತು ಬಿಸಿ ಬಿಂದು ಎಂಬ ಎರಡು ಅಂಕಿಗಳ ಅಂತರ. 2025ರ ಜನವರಿಯಲ್ಲಿ ಬಂದ ಎನ್ವಿಡಿಯಾದ ಆರ್‌ಟಿಎಕ್ಸ್ 5090 ಮತ್ತು 5080ರಲ್ಲಿ ಬಿಸಿ ಬಿಂದುವಿನ ಅಂಕಿ ಬಳಕೆದಾರನ ಸಲಕರಣೆಗಳಿಗೆ ಕಾಣುವುದೇ ಇಲ್ಲ. 5090 ಎಳೆಯುವುದು 575 ವಾಟ್. ಬಳಕೆ ಹೆಚ್ಚಾದಾಗ ಅಳತೆಯೂ ಹೆಚ್ಚಬೇಕಿತ್ತು. ಇಲ್ಲಿ ಒಂದು ಅಳತೆ ಕಡಿಮೆಯಾಗಿದೆ. ಕಾರ್ಡಿನ ಒಳಗಿನ ರಕ್ಷಣೆ ತನ್ನ ಕೆಲಸ ತಾನು ಮಾಡಿಕೊಳ್ಳಬಹುದು, ಸರಿ. ಆದರೆ ದೋಷವನ್ನು ಸಾಬೀತು ಮಾಡುವ ಹೊಣೆ ಕೊಂಡವನ ಮೇಲಿರುವಾಗ ಸಾಬೀತಿನ ಸಾಧನವನ್ನೇ ಹಿಂದಕ್ಕೆ ತೆಗೆದುಕೊಳ್ಳುವುದನ್ನು ಒಪ್ಪಲಾಗದು.

ಹಾಗಾಗಿ ಈಗ ಕೊಂಡವರು ವಾರಂಟಿ ಕೇಳುವಾಗ ಫ್ಯಾನಿನ ಸುತ್ತು, ವಾಟ್, ಚಿಪ್ಪಿನ ಮತ್ತು ಮೆಮೊರಿಯ ಉಷ್ಣತೆ, ತಡೆದ ಕಾರಣ, ಕೋಣೆಯ ಕಾವು, ಕಾರ್ಡು ಅಡ್ಡವೋ ನೆಟ್ಟಗೋ ಇದ್ದದ್ದು, ಇವಿಷ್ಟನ್ನೂ ಒಂದೇ ಫೈಲಿನಲ್ಲಿ ಕಳಿಸುವುದು ಒಳ್ಳೆಯದು. ಮೊದಲ ವಾರದಲ್ಲೇ, ಕಾರ್ಡು ಚೆನ್ನಾಗಿರುವಾಗಲೇ, ಇಂಥದೊಂದು ಫೈಲು ಮಾಡಿಟ್ಟುಕೊಂಡಿದ್ದರೆ ಹೋಲಿಸಲು ಬರುತ್ತದೆ. ಬಿಚ್ಚಲೇಬೇಕಾಗಿ ಬಂದರೆ, ಅಮೆರಿಕದಲ್ಲಂತೂ, ಸ್ಕ್ರೂ ಮೇಲಿನ ‘ತೆಗೆದರೆ ವಾರಂಟಿ ಇಲ್ಲ’ ಎಂಬ ಸ್ಟಿಕ್ಕರಿಗೆ ತೀರಾ ಹೆದರಬೇಕಿಲ್ಲ. ವಾರಂಟಿಯ ಕುರಿತ 1975ರ ಮ್ಯಾಗ್ನುಸನ್–ಮಾಸ್ ಕಾಯಿದೆಯನ್ನು ನೆನಪಿಸಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2024ರ ಜುಲೈನಲ್ಲಿ ಗಿಗಾಬೈಟ್, ಝೋಟಾಕ್, ಎಎಸ್‌ರಾಕ್ ಕಂಪನಿಗಳಿಗೆ ಇಂಥ ಸ್ಟಿಕ್ಕರುಗಳ ಬಗ್ಗೆಯೇ ಎಚ್ಚರಿಕೆಯ ಪತ್ರ ಬರೆದಿದೆ.