ಸೀಟು ಬಿಟ್ಟೇಳುವ ಸುಖ

ಹಾಸನದಿಂದ ನಮ್ಮೂರಿಗೆ ಹೋಗುವ ಕೆಂಪು ಬಸ್ಸಿನಲ್ಲಿ ಹಿಂದಿನ ಸೀಟಿಗಾಗಿ ಹುಡುಗರು ಜಗಳವಾಡುತ್ತಿದ್ದೆವು. ದೊಡ್ಡವರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಸೊಂಟ ಹಿಡಿದುಕೊಂಡೀತೆಂಬ ಭಯ. ಊರು ಇನ್ನೆರಡು ಮೈಲಿ ಇದೆ ಅನ್ನುವಾಗ ಒಂದು ಮೋರಿ. ರಸ್ತೆ ಅಲ್ಲಿ ಗೂಳಿಯ ಭುಜದ ಹಾಗೆ ಉಬ್ಬಿ ಇಳಿಯುತ್ತಿತ್ತು. ಡ್ರೈವರಿಗೆ ಮನೆ ಸೇರುವ ಅವಸರವಿದ್ದ ಸಂಜೆಗಳಲ್ಲಿ ಬಸ್ಸು ವೇಗ ತಗ್ಗಿಸದೆ ಅದನ್ನು ಹಾರುತ್ತಿತ್ತು. ಮುಂದೆ ಕೂತವರು ಒಮ್ಮೆ ಅಲುಗಾಡಿ ಸುಮ್ಮನಾಗುತ್ತಿದ್ದರು. ಹಿಂದಿನ ನಾವು ಐದಾರು ಜನ ಮಾತ್ರ ಚೀಲದ ಸಮೇತ ಮೇಲೆದ್ದು, ಹೊಟ್ಟೆಯೊಳಗೆ ಏನೋ ಝಲ್ಲೆಂದು, ದೊಪ್ಪನೆ ರೆಕ್ಸಿನ್ ಸೀಟಿನ ಮೇಲೆ ಬಿದ್ದು, ಯಾಕೆಂದು ತಿಳಿಯದೆ ನಗುತ್ತಿದ್ದೆವು.

ಆಮೇಲೆ ದೇಶ ವಿದೇಶಗಳಲ್ಲಿ ಎಷ್ಟೋ ರೋಲರ್ ಕೋಸ್ಟರ್‌ಗಳನ್ನು ಹತ್ತಿ ಇಳಿದಿದ್ದೇನೆ. ಎಲ್ಲದರಲ್ಲೂ ನಾನು ಹುಡುಕಿದ್ದು ಆ ಮೋರಿಯನ್ನೇ.

ಈ ವಾರ ಅದು ನೆನಪಾಗಲು ಕಾರಣ ಓದುಗರೊಬ್ಬರ ಪತ್ರ. ಬೇಸಿಗೆಗೆ ದಂಪತಿ ನ್ಯೂಜೆರ್ಸಿಯ ಮಗನ ಮನೆಗೆ ಹೊರಟಿದ್ದಾರೆ. ಹದಿಮೂರರ ಮೊಮ್ಮಗಳಿಗೆ ಕೋಸ್ಟರ್ ಹುಚ್ಚು. ‘ಜಗತ್ತಿನ ಅತಿ ಎತ್ತರದ್ದು ಎಲ್ಲಿದೆ ಹೇಳಿ, ಅಲ್ಲಿಗೇ ಕರೆದೊಯ್ಯುತ್ತೇವೆ’ ಎಂದು ಕೇಳಿದ್ದಾರೆ.

ಅವರ ಮಗನ ರಾಜ್ಯದಲ್ಲೇ ಇತ್ತು, ಈಗ ಇಲ್ಲ. ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಪಾರ್ಕಿನ ಕಿಂಗ್ಡಾ ಕಾ 2005ರಲ್ಲಿ ಶುರುವಾದಾಗ ಅದಕ್ಕೆ ಸಾಟಿಯಿರಲಿಲ್ಲ. 139 ಮೀಟರ್ ಎತ್ತರ. ನಿಂತಲ್ಲಿಂದ ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 206 ಕಿ.ಮೀ. ವೇಗ. ನೆಟ್ಟಗೆ ಮೇಲೆ, ನೆಟ್ಟಗೆ ಕೆಳಗೆ, ಅರ್ಧ ನಿಮಿಷದೊಳಗೆ ಎಲ್ಲ ಮುಗಿಯಿತು. 2024ರಲ್ಲಿ ಅದನ್ನು ನಿಲ್ಲಿಸಿದರು, ಮರುವರ್ಷ ಫೆಬ್ರುವರಿಯಲ್ಲಿ ಸ್ಫೋಟಕ ಇಟ್ಟು ಉರುಳಿಸಿದರು. ಈಗ ಆ ಪಟ್ಟ ಸೌದಿ ಅರೇಬಿಯಾದ ಕಿದ್ದಿಯಾಕ್ಕೆ ಹೋಗಿದೆ. ಅಲ್ಲಿನ ಫಾಲ್ಕನ್ಸ್ ಫ್ಲೈಟ್‌ನ ಎತ್ತರ 195 ಮೀಟರ್. ನಾಳೆ ಇನ್ನೊಬ್ಬರು ಇನ್ನೂರು ದಾಟಿಸುತ್ತಾರೆ.

ಎತ್ತರ ನೋಡಿ ಕೋಸ್ಟರ್ ಆರಿಸುವುದೆಂದರೆ ದೋಸೆ ಎಷ್ಟುದ್ದ ಎಂದು ವಿಚಾರಿಸಿ ಹೋಟೆಲಿಗೆ ಹೋದ ಹಾಗೆ. ಮೂರಡಿ ದೋಸೆ ತಂದಿಟ್ಟಾಗ ಮೇಜಿನ ಸುತ್ತ ಎಲ್ಲರೂ ಫೋಟೊ ತೆಗೆಯುತ್ತಾರೆ. ಮರುದಿನ ಬೆಳಗ್ಗೆ ಕಾಲು ತಾನಾಗಿ ನಡೆಯುವುದು ಮಾತ್ರ ಮೂಲೆಯ ಹಳೇ ಹೋಟೆಲಿನ ಬೆಣ್ಣೆ ದೋಸೆಯ ಕಡೆಗೆ.

ಹಾಗಾಗಿ ಅವರಿಗೆ ನನ್ನ ಸಲಹೆ ಬೇರೆ. ನ್ಯೂಜೆರ್ಸಿಯಿಂದ ಪಶ್ಚಿಮಕ್ಕೆ ಎರಡೂವರೆ, ಮೂರು ಗಂಟೆ ಕಾರು ಓಡಿಸಿ. ಪೆನ್ಸಿಲ್ವೇನಿಯಾದ ಗುಡ್ಡಗಳ ನಡುವೆ ಎಲಿಸ್‌ಬರ್ಗ್ ಎಂಬ ಸಣ್ಣ ಊರಿದೆ. ಅಲ್ಲಿ ಕನೋಬಲ್ಸ್ ಎಂಬ ಪಾರ್ಕು. 1926ರಲ್ಲಿ ಒಂದು ಈಜುಕೊಳದಿಂದ ಶುರುವಾದದ್ದು, ಇಂದಿಗೂ ಅದೇ ಮನೆತನದ ಕೈಯಲ್ಲಿದೆ. ಗೇಟಿನಲ್ಲಿ ದುಡ್ಡು ಕೇಳುವುದಿಲ್ಲ. ಕಾರು ನಿಲ್ಲಿಸುವುದಕ್ಕೂ ಕೇಳುವುದಿಲ್ಲ. ಮರಗಳ ನೆರಳಲ್ಲಿ ಹಳ್ಳ ಹರಿಯುತ್ತದೆ. ಮನೆಯಿಂದ ತಂದ ಬುತ್ತಿ ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡರೆ ಯಾರೂ ಬೇಡವೆನ್ನುವುದಿಲ್ಲ. ಯಾವುದನ್ನು ಹತ್ತುತ್ತೀರೋ ಅದಕ್ಕಷ್ಟೇ ಚೀಟಿ ಹರಿದು ಕೊಟ್ಟರಾಯಿತು.

ಥೀಮ್ ಪಾರ್ಕು ಹೇಗಿರಬೇಕು ಎಂದು ಕೇಳಿದರೆ ನನ್ನ ಉತ್ತರ ಒಂದೇ: ಜಾತ್ರೆಯ ಹಾಗೆ. ನಮ್ಮ ಜಾತ್ರೆಗಳಲ್ಲಿ ಕೊಲಂಬಸ್ ಹತ್ತುವವರು ಹತ್ತುತ್ತಾರೆ, ಉಳಿದವರು ಕಡ್ಲೆಪುರಿ ತಿನ್ನುತ್ತಾ ಬಳೆ ಅಂಗಡಿ ನೋಡುತ್ತಾ ನಿಲ್ಲುತ್ತಾರೆ. ಸುಮ್ಮನೆ ನಿಂತು ನೋಡುವುದಕ್ಕೆ ಅಲ್ಲಿ ಶುಲ್ಕವಿಲ್ಲ. ದೊಡ್ಡ ಪಾರ್ಕುಗಳಲ್ಲಾದರೆ ಮೊಮ್ಮಗಳ ಚೀಲ ಹಿಡಿದು ಬೆಂಚಿನ ಮೇಲೆ ಕೂರುವ ಅಜ್ಜನೂ ಪೂರಾ ಟಿಕೆಟ್ ಕೊಂಡಿರುತ್ತಾನೆ. ಅದರ ಮೇಲೆ ಇನ್ನಷ್ಟು ಕೊಟ್ಟವರಿಗೆ ಬೇರೆ ಸಾಲು. ದೇವಸ್ಥಾನದ ಶೀಘ್ರದರ್ಶನದ ಸಾಲನ್ನು ನಾನು ಒಪ್ಪಿಕೊಂಡಿಲ್ಲ. ಆಟದ ಬಯಲಿನಲ್ಲಿ ಅದನ್ನು ಒಪ್ಪುವ ಪ್ರಶ್ನೆಯೇ ಇಲ್ಲ. ಬಿಸಿಲಲ್ಲಿ ಗಂಟೆಗಟ್ಟಲೆ ನಿಂತ ಮಕ್ಕಳ ಕಣ್ಣೆದುರೇ ಇನ್ನೊಂದು ಮನೆಯ ಮಕ್ಕಳು ನಡೆದು ಹೋಗಿ ಸೀಟಿನಲ್ಲಿ ಕೂರುವುದು ಆಟವಲ್ಲ.

ಇರಲಿ, ಕನೋಬಲ್ಸ್‌ನಲ್ಲಿ ಹತ್ತಬೇಕಾದದ್ದು ಫೀನಿಕ್ಸ್. ಮರದ ಕೋಸ್ಟರ್. ಎತ್ತರ 78 ಅಡಿ, ಅಂದರೆ ಕಿಂಗ್ಡಾ ಕಾದ ಐದರಲ್ಲೊಂದು ಪಾಲೂ ಅಲ್ಲ. ವೇಗ ಗಂಟೆಗೆ 72 ಕಿ.ಮೀ., ನಿಮ್ಮ ಮಗ ಹೆದ್ದಾರಿಯಲ್ಲಿ ಅದಕ್ಕಿಂತ ಜೋರಾಗಿ ಹೋಗುತ್ತಾನೆ. ಹುಟ್ಟಿದ್ದು 1947ರಲ್ಲಿ, ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಊರಿನ ಪ್ಲೇಲ್ಯಾಂಡ್ ಪಾರ್ಕಿನಲ್ಲಿ. ಆಗ ಅದರ ಹೆಸರು ರಾಕೆಟ್. ಆ ಪಾರ್ಕು ಬಾಗಿಲು ಹಾಕಿದ ಮೇಲೆ ವರ್ಷಗಟ್ಟಲೆ ಬಿಸಿಲು ಮಳೆಗೆ ಒಡ್ಡಿಕೊಂಡು ಅನಾಥವಾಗಿ ನಿಂತಿತ್ತು. ಕನೋಬಲ್ಸ್‌ನವರು ಅದನ್ನು ಕೊಂಡರು. ಹಲಗೆ ಹಲಗೆಗೂ ನಂಬರು ಹಾಕಿ ಬಿಚ್ಚಿ, ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿಸಿ, ನಮ್ಮ ಕಡೆ ತೊಟ್ಟಿ ಮನೆಯ ಕಂಬ ಬಿಚ್ಚಿ ಬೇರೆಡೆ ನಿಲ್ಲಿಸುತ್ತಾರಲ್ಲ ಹಾಗೆ, ಮತ್ತೆ ಜೋಡಿಸಿ 1985ರಲ್ಲಿ ಓಡಿಸಿದರು. ಹೊಸ ಹೆಸರು ಬೂದಿಯಿಂದೇಳುವ ಹಕ್ಕಿಯದು. 2018ರಲ್ಲಿ ಈ ಮುದುಕ ಜಗತ್ತಿನ ಶ್ರೇಷ್ಠ ಮರದ ಕೋಸ್ಟರ್ ಎಂದು ಗೋಲ್ಡನ್ ಟಿಕೆಟ್ ಪ್ರಶಸ್ತಿ ಪಡೆದ. ಕಿಂಗ್ಡಾ ಕಾ ಇಪ್ಪತ್ತು ವರ್ಷ ಬಾಳಲಿಲ್ಲ. ಇದಕ್ಕೆ ಎಂಬತ್ತು ಹತ್ತಿರ ಬರುತ್ತಿದೆ. ಮರದ ಗುಣವೇ ಅದು, ಸವೆದ ಹಲಗೆ ತೆಗೆದು ಹೊಸದು ಹೊಡೆಯುತ್ತಾ ಹೋಗಬಹುದು. ಊರ ತೇರಿಗೆ ಗಾಲಿ ಬದಲಾಗಿರುತ್ತದೆ, ಅಚ್ಚು ಬದಲಾಗಿರುತ್ತದೆ, ಆದರೂ ತೇರು ಅದೇ ಅಲ್ಲವೇ?

ಫೀನಿಕ್ಸ್ ಕೊಡುವುದೇನು? ನನ್ನ ಮೋರಿಯನ್ನು, ಒಂದಲ್ಲ, ಸಾಲಾಗಿ. ಕೋಸ್ಟರ್ ಹುಚ್ಚಿನ ನಮ್ಮ ಬಳಗದವರು ಇದನ್ನು ಏರ್‌ಟೈಮ್ ಎನ್ನುತ್ತಾರೆ. ಗಾಡಿ ಗುಡ್ಡದ ನೆತ್ತಿ ದಾಟಿ ಕೆಳಕ್ಕೆ ಬಾಗುತ್ತದೆ. ಮೈ ಮಾತ್ರ ಬಂದ ದಿಕ್ಕಿನಲ್ಲೇ ಮೇಲೆ ಹೋಗುತ್ತಿರುತ್ತದೆ. ಗಾಡಿ ಬಾಗುವಷ್ಟು ಬೇಗ ಮೈ ಬೀಳಲಾರದು, ಹಾಗಾಗಿ ಸೀಟು ಕೆಳಗೆ ಜಾರಿ ಹೋಗುತ್ತದೆ. ಫೀನಿಕ್ಸ್‌ನಲ್ಲಿ ತೊಡೆಯ ಮೇಲೆ ಅಡ್ಡ ಬರುವುದು ಒಂದೇ ಕಬ್ಬಿಣದ ಸರಳು. ಅದಕ್ಕೂ ತೊಡೆಗೂ ನಡುವೆ ಒಂದಿಷ್ಟು ಜಾಗ ಉಳಿದಿರುತ್ತದೆ. ಇಡೀ ಸುಖ ಇರುವುದು ಆ ಜಾಗದಲ್ಲಿ.

ಕೂರುವುದಾದರೆ ಕೊನೆಯ ಸಾಲಿನಲ್ಲಿ ಕೂರಿ. ಬಸ್ಸಿನ ಹಿಂದಿನ ಸೀಟು ಎಗರಿಸುವುದು ಅದು ಹಿಂಗಾಲಿಗಿಂತ ಆಚೆ ಚಾಚಿಕೊಂಡಿರುವುದರಿಂದ. ಕೋಸ್ಟರಿನ ಲೆಕ್ಕ ಬೇರೆ. ಮೊದಲ ಡಬ್ಬಿ ನೆತ್ತಿ ದಾಟುವಾಗ ಉಳಿದವೆಲ್ಲ ಇನ್ನೂ ಏರಿನಲ್ಲಿದ್ದು ಹಿಂದಕ್ಕೆ ಜಗ್ಗುತ್ತವೆ. ಗಾಡಿ ಆಗ ನಿಧಾನ. ಕೊನೆಯ ಡಬ್ಬಿ ನೆತ್ತಿಗೆ ಬರುವ ಹೊತ್ತಿಗೆ ಮುಂದಿನವೆಲ್ಲ ಇಳಿಜಾರಿನಲ್ಲಿದ್ದು ಎಳೆಯುತ್ತಿರುತ್ತವೆ. ಅದೇ ಗುಡ್ಡವನ್ನು ಮುಂದಿನವರು ಹತ್ತಿ ಇಳಿಯುತ್ತಾರೆ, ಹಿಂದಿನವರು ಹಾರಿ ದಾಟುತ್ತಾರೆ.

ಹೀಗೆ ಹಾರಲು ಅನುಕೂಲ ಮಾಡಿಕೊಟ್ಟವನು ಜಾನ್ ಮಿಲ್ಲರ್ ಎಂಬ ಅಮೆರಿಕನ್. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ನಲ್ಲಿ ಲಾಮಾರ್ಕಸ್ ಥಾಂಪ್ಸನ್ ಓಡಿಸಿದ ಸ್ವಿಚ್‌ಬ್ಯಾಕ್ ರೈಲ್ವೆಯ ವೇಗ ಗಂಟೆಗೆ ಹತ್ತು ಕಿಲೋಮೀಟರ್ ಅಷ್ಟೇ, ಜಟಕಾ ಗಾಡಿಯಷ್ಟು. ಅದಕ್ಕಿಂತ ಜೋರಾಗಿ ಗುಡ್ಡ ದಾಟಿಸಿದರೆ ಗಾಡಿ ಹಳಿ ಬಿಟ್ಟೇಳುವ ಅಪಾಯವಿತ್ತು. ಮಿಲ್ಲರ್ ಹಳಿಯ ಅಡಿಗೂ ಒಂದು ಚಕ್ರ ಕೂರಿಸಿದ. 1919ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಮೇಲೊಂದು, ಪಕ್ಕಕ್ಕೊಂದು, ಕೆಳಗೊಂದು ಚಕ್ರ. ಗಾಡಿ ಈಗ ಹಳಿಯನ್ನು ಮುಷ್ಟಿಯಲ್ಲಿ ಹಿಡಿದಂತಾಯಿತು. ಎಂಟೇ ವರ್ಷಗಳಲ್ಲಿ, 1927ರಲ್ಲಿ, ಅದೇ ಕೋನಿ ಐಲ್ಯಾಂಡ್‌ನಲ್ಲಿ ಸೈಕ್ಲೋನ್ ಗಂಟೆಗೆ ಸುಮಾರು ನೂರು ಕಿ.ಮೀ. ವೇಗದಲ್ಲಿ ಧುಮುಕಿತು. ಅದು ಇಂದಿಗೂ ಅಲ್ಲೇ ಇದೆ. ಗಾಡಿಗೆ ಹಾರಲು ಬಿಡದ ಚಕ್ರವೇ ಕೂತವರನ್ನು ಹಾರಿಸಿತು.

‘ಹಾಗಾದರೆ ತಲೆಕೆಳಗು ಮಾಡುವ ಲೂಪ್?’ ಎಂದು ಮೊಮ್ಮಗಳು ಕೇಳುತ್ತಾಳೆ. ಲೂಪಿನ ಬಗ್ಗೆ ನನಗೆ ಗೌರವವಿದೆ, ಪ್ರೀತಿಯಿಲ್ಲ. 1895ರಲ್ಲಿ ಕೋನಿ ಐಲ್ಯಾಂಡ್‌ನಲ್ಲಿ ಬಂದ ಫ್ಲಿಪ್ ಫ್ಲ್ಯಾಪ್‌ನ ಲೂಪು ಬಳೆಯಷ್ಟು ಗುಂಡಗಿತ್ತು. ವೇಗ ಹೆಚ್ಚಿರುವ ತಳದಲ್ಲೇ ಹಳಿ ಥಟ್ಟನೆ ಮೇಲಕ್ಕೆ ತಿರುಗಿದ್ದರಿಂದ ಹತ್ತಿದವರು ಕತ್ತು ಹಿಡಿದುಕೊಂಡು ಇಳಿಯುತ್ತಿದ್ದರು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನ ರೆವಲ್ಯೂಷನ್‌ಗಾಗಿ ಜರ್ಮನಿಯ ವರ್ನರ್ ಸ್ಟೆಂಗಲ್ ಲೂಪನ್ನು ನೀರಹನಿಯ ಆಕಾರಕ್ಕೆ ತಂದ. ತಳದಲ್ಲಿ ವಿಶಾಲ, ನೆತ್ತಿಯಲ್ಲಿ ಬಿಗಿ. ರೈಲುಹಾದಿ ಹಾಕುವವರು ತಿರುವಿನಲ್ಲಿ ಬಳಸುವ ವಕ್ರರೇಖೆಯನ್ನೇ ಅವನು ಎತ್ತಿ ನಿಲ್ಲಿಸಿದ. ಬುದ್ಧಿವಂತಿಕೆಯೇನೋ ಹೌದು. ಆದರೆ ಲೂಪಿನ ಬುಡದಲ್ಲಿ ಮೈ ಕಲ್ಲಾಗುತ್ತದೆ, ಕೆನ್ನೆ ಇಳಿಬೀಳುತ್ತದೆ, ಕೈ ಎತ್ತಲಾಗುವುದಿಲ್ಲ. ನಮ್ಮ ಬಿಡದಿಯ ವಂಡರ್‌ಲಾದ ರಿಕಾಯಿಲ್ ಮೊದಲು ಮುಂದಕ್ಕೆ, ಆಮೇಲೆ ಹಿಮ್ಮುಖವಾಗಿ ಸುತ್ತಿ ಹಾಕುತ್ತದೆ. ಖೋಪೋಲಿ ಬಳಿಯ ಇಮ್ಯಾಜಿಕಾದ ನೈಟ್ರೊದಲ್ಲಿ ಕಾಲ ಕೆಳಗೆ ನೆಲವೇ ಇಲ್ಲ. ಎರಡೂ ಈ ಭಾರದ ಪಂಥದವು. ಕಾಲೇಜು ಹುಡುಗರು ಇಳಿದು ಬಂದು ‘ಗುರೂ, ಸತ್ತೇ ಹೋದೆ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಆಟಗಳು. ಸಾಯದೆ ಉಳಿದದ್ದಕ್ಕೆ ಹೆಮ್ಮೆ ಪಡುವುದು ಒಂದು ರುಚಿ. ಚಣಕಾಲ ತೂಕ ಕಳೆದುಕೊಂಡದ್ದಕ್ಕೆ ನಗುವುದು ಇನ್ನೊಂದು ರುಚಿ. ನನ್ನದು ಎರಡನೆಯದು.

ಹಾಗೆಂದು ನನ್ನನ್ನು ಹಳತನ್ನೇ ಹಾಡುವ ಮುದುಕರ ಸಾಲಿಗೆ ಸೇರಿಸಬೇಡಿ. ಕಿವಿಯನ್ನು ಎಡಕ್ಕೂ ಬಲಕ್ಕೂ ಬಡಿಯುವ ಭುಜಪಟ್ಟಿಯ ಉಕ್ಕಿನ ಗಾಡಿಯಿಂದ ತಲೆನೋವಿನೊಂದಿಗೆ ಇಳಿದಿದ್ದೇನೆ. ಒದರಿ ಒದರಿ ಹಲ್ಲು ಅದುರಿಸಿದ ಮರದ ಗಾಡಿಗೂ ಕೈಮುಗಿದು ಬಂದಿದ್ದೇನೆ. ಒಹಾಯೊದ ಸೀಡರ್ ಪಾಯಿಂಟ್‌ನಲ್ಲಿ ಮೀನ್ ಸ್ಟ್ರೀಕ್ ಎಂಬ 1991ರ ಮರದ ಕೋಸ್ಟರ್ ಇತ್ತು. ಅದರ ಮರದ ಹಂದರವನ್ನು ಬಳಸಿಕೊಂಡು ರಾಕಿ ಮೌಂಟನ್ ಕನ್‌ಸ್ಟ್ರಕ್ಷನ್ ಕಂಪನಿಯವರು ಉಕ್ಕಿನ ಹಳಿ ಹಾಸಿ 2018ರಲ್ಲಿ ಸ್ಟೀಲ್ ವೆಂಜನ್ಸ್ ಮಾಡಿದರು. ಒಂದು ಸುತ್ತಿನಲ್ಲಿ ಒಟ್ಟು 27 ಸೆಕೆಂಡು ಸೀಟಿನಿಂದ ಮೇಲೇ ಇರಿಸುತ್ತದೆ. ಅದರ ಮುಂದೆ ನನ್ನ ಮೋರಿ ಏನೇನೂ ಅಲ್ಲ. ಆದರೆ ಅದು ಮದುವೆ ಮನೆಯ ಊಟ. ಫೀನಿಕ್ಸ್ ದಿನಾ ಉಣ್ಣಬಹುದಾದ ಅನ್ನ ಸಾರು.

ಹಿಂದೊಮ್ಮೆ ಅಮ್ಮ ಹಾಸನದಿಂದ ಅಮೆರಿಕಕ್ಕೆ ಬಂದಾಗ ಕನೋಬಲ್ಸ್‌ಗೆ ಕರೆದುಕೊಂಡು ಹೋಗಿದ್ದೆ. ಹಳ್ಳದ ಪಕ್ಕ ಕೂತು ಪುಳಿಯೋಗರೆ ತಿಂದೆವು. ಫೀನಿಕ್ಸ್ ಹತ್ತುವುದಿಲ್ಲ ಎಂದು ಮೂರು ಸಲ ಹೇಳಿದರು. ನಾಲ್ಕನೆಯ ಸಲ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. ಗಾಡಿ ಮೊದಲು ಕತ್ತಲ ಸುರಂಗ ಹೊಕ್ಕಿತು. ‘ದೀಪಾನೂ ಹಾಕಿಲ್ವಲ್ಲೋ.’ ಆಮೇಲೆ ಏರು. ಕೆಳಗಿನಿಂದ ಟಕ್, ಟಕ್, ಟಕ್. ‘ಏನೋ ಮುರೀತಿದೆ ಕಣೋ.’ ಅದು ಮುರಿಯುವ ಸದ್ದಲ್ಲ, ಸರಪಳಿ ತುಂಡಾದರೂ ಗಾಡಿ ಹಿಂದಕ್ಕೆ ಜಾರದಂತೆ ಕೊಕ್ಕೆಯೊಂದು ಹಲ್ಲಿಂದ ಹಲ್ಲಿಗೆ ಬೀಳುವ ಸದ್ದು, ಅದೂ ಆ ಮಿಲ್ಲರ್‌ನ ಕೊಡುಗೆಯೇ ಎಂದು ವಿವರಿಸುತ್ತಿದ್ದೆ. ಮಾತು ಮುಗಿಯುವ ಮೊದಲೇ ನೆತ್ತಿ ಬಂತು. ಅಲ್ಲಿಂದ ಮುಂದೆ ಅಮ್ಮನ ಬಾಯಲ್ಲಿ ಮಂಜುನಾಥಸ್ವಾಮಿ ಬಿಟ್ಟರೆ ಬೇರೆ ಹೆಸರಿಲ್ಲ. ಕೊನೆಯ ಪುಟ್ಟ ಗುಡ್ಡಗಳ ಸಾಲಿಗೆ ಬಂದಾಗ ಮಂಜುನಾಥನೂ ನಿಂತುಹೋಗಿ ಬರೀ ನಗು ಉಳಿದಿತ್ತು.

ಇಳಿದು, ಬಿಚ್ಚಿದ್ದ ತುರುಬು ಕಟ್ಟಿಕೊಳ್ಳುತ್ತಾ ಅಂದರು: ‘ನಮ್ಮೂರ ಮೋರಿ ಮೇಲೆ ಬಸ್ಸು ಹಾರ್ತಿತ್ತಲ್ಲ, ಹಂಗೇ ಆಯ್ತು. ಇದಕ್ಕೆ ಇಷ್ಟು ದೂರ ಬಂದು ದುಡ್ಡು ಬೇರೆ ಕೊಡಬೇಕಿತ್ತಾ?’

‘ನೀನು ಹಿಂದಿನ ಸೀಟಲ್ಲಿ ಯಾವತ್ತು ಕೂತಿದ್ದೆ?’

‘ನಾನೇನು ಹುಟ್ಟುವಾಗ್ಲೇ ನಿಮ್ಮಮ್ಮ ಆಗಿ ಹುಟ್ಟಿದ್ನಾ?’

ಚೀಟಿಯ ಪುಸ್ತಕದಲ್ಲಿ ಇನ್ನಷ್ಟು ಎಲೆ ಉಳಿದಿದ್ದವು. ಅಲ್ಲಿನ ಚೀಟಿಗಳಿಗೆ ಕಡೆಯ ದಿನಾಂಕವಿಲ್ಲ, ಯಾವಾಗ ಬಂದರೂ ನಡೆಯುತ್ತವೆ. ಅದನ್ನು ಕೇಳಿದ ಅಮ್ಮ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡಾಗಿ ಮಡಚಿ ಪರ್ಸಿಗೆ ಹಾಕಿಕೊಂಡರು. ಅದೀಗ ಹಾಸನದಲ್ಲಿ ಅವರ ಬೀರುವಿನೊಳಗೆ ಪಾಸ್‌ಪೋರ್ಟಿನ ಜೊತೆ ಇದೆ.