ಹೆಬ್ಬೆರಳು ಹೇಳುವ ಸುಳ್ಳು

ಸೈಕಲ್ ಅಂಗಡಿಗೆ ಸೀಟು ಕೊಳ್ಳಲು ಬಂದವರು ಮೊದಲು ಮಾಡುವ ಕೆಲಸ ಒಂದೇ: ಹೆಬ್ಬೆರಳಿನಿಂದ ಒತ್ತಿ ನೋಡುವುದು. ಬೆರಳು ಮೆತ್ತಗೆ ಒಳಗೆ ಹೋದರೆ ಮುಖ ಅರಳುತ್ತದೆ. ಕೊಳ್ಳುವವಳು ಹೆಂಗಸಾದರೆ ಅಂಗಡಿಯವನು ಏನನ್ನೂ ಕೇಳದೆ ಒಳಗಿನಿಂದ ಅಗಲದ, ಜೆಲ್ ತುಂಬಿದ, ಗುಲಾಬಿ ದಾರದ ಹೊಲಿಗೆ ಹಾಕಿದ ಸೀಟೊಂದನ್ನು ತಂದಿಟ್ಟು, 'ಲೇಡೀಸ್ ಸೀಟು ಮೇಡಂ, ಸೋಫಾ ಇದ್ದಂಗೆ' ಅನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಆದರೆ ಸೋಫಾದ ಮೇಲೆ ಕೂತು ಯಾರೂ ಗಂಟೆಗಟ್ಟಲೆ ಪೆಡಲ್ ತುಳಿಯುವುದಿಲ್ಲ.

ಸೈಕಲ್ ಮೇಲೆ ನಮ್ಮ ಭಾರ ಹೊರಬೇಕಾದದ್ದು ಸೊಂಟದ ಗೂಡಿನ ತಳದಲ್ಲಿರುವ ಎರಡು ಮೂಳೆಗಳು. ಗಟ್ಟಿ ಮಣೆಯ ಮೇಲೆ ಕೂತು ಅತ್ತಿತ್ತ ವಾಲಿದರೆ ಒತ್ತುತ್ತವಲ್ಲ, ಅವೇ. ಮೆತ್ತನೆಯ ಜೆಲ್ ಮೇಲೆ ಕೂತಾಗ ಈ ಮೂಳೆಗಳು ಕೆಳಕ್ಕೆ ಇಳಿಯುತ್ತವೆ. ಪಕ್ಕಕ್ಕೆ ಸರಿದ ಜೆಲ್ ನಡುವೆ ಉಬ್ಬಿ ಬಂದು, ಭಾರ ಹೊರಲು ಹುಟ್ಟಿಯೇ ಇಲ್ಲದ ಮೃದು ಭಾಗವನ್ನು ಒತ್ತುತ್ತದೆ. ಮೊದಲ ಹತ್ತು ನಿಮಿಷ ಹಿತ. ಎರಡು ಗಂಟೆಯ ಹೊತ್ತಿಗೆ ಮರಗಟ್ಟುವಿಕೆ, ಉರಿ, ಊತ. ಅಂಗಡಿಯಲ್ಲಿ ಎರಡು ಗಂಟೆ ಕೂತು ನೋಡುವವರಿಲ್ಲವಾದ್ದರಿಂದ ಹೆಬ್ಬೆರಳಿನ ತೀರ್ಪೇ ಗೆಲ್ಲುತ್ತದೆ.

ಅಗಲದ ಸೀಟಿಗೆ ಜಾಗವೇ ಇಲ್ಲ ಅಂತಲ್ಲ. ಬೆನ್ನು ನೆಟ್ಟಗಿಟ್ಟು, ಹ್ಯಾಂಡಲ್‌ಗೆ ಚೀಲ ತೂಗುಹಾಕಿ ಸಂತೆಗೆ ಹೋಗಿಬರುವ ಸೈಕಲ್‌ಗೆ ಸ್ಪ್ರಿಂಗ್ ಇರುವ ಅಗಲದ ಸೀಟೇ ಸರಿ. ಅಲ್ಲಿ ಭಾರವೆಲ್ಲ ನೇರವಾಗಿ ಹಿಂಭಾಗಕ್ಕೆ ಬೀಳುತ್ತದೆ. ಮುಂದಕ್ಕೆ ಬಾಗಿದಷ್ಟೂ ಸೊಂಟದ ಗೂಡು ಉರುಳಿ, ಭಾರ ಮುಂದಕ್ಕೆ ಬರುತ್ತದೆ. ಆಗ ಸೀಟಿನ ಹಿಂಭಾಗ ತುಸು ಕಿರಿದಾಗಬೇಕು, ನಡುಭಾಗ ಬಿಟ್ಟುಕೊಡಬೇಕು. ಅದಕ್ಕೇ ಯಾರಾದರೂ ನನ್ನನ್ನು 'ಯಾವ ಸೀಟು ಒಳ್ಳೆಯದು' ಎಂದು ಕೇಳಿದರೆ, 'ಎಷ್ಟು ಬಾಗಿ ತುಳಿಯುತ್ತೀರಿ' ಅಂತ ತಿರುಗಿ ಕೇಳುತ್ತೇನೆ.

ಹೆಂಗಸರ ಸೊಂಟದ ಗೂಡು ಸಾಮಾನ್ಯವಾಗಿ ಅಗಲ, ಕೂರುವ ಮೂಳೆಗಳ ನಡುವಿನ ಅಂತರವೂ ಸರಾಸರಿಯಲ್ಲಿ ಹೆಚ್ಚು. ಈ 'ಸರಾಸರಿ'ಯಲ್ಲೇ ಇರುವುದು ಎಡವಟ್ಟು. ದಪ್ಪಗಿರುವ ಹೆಂಗಸಿನ ಮೂಳೆಗಳು ಹತ್ತಿರ ಹತ್ತಿರ ಇರಬಹುದು, ಕಡ್ಡಿಯಂಥ ಹುಡುಗಿಯ ಮೂಳೆಗಳು ದೂರ ದೂರ. ಪ್ಯಾಂಟಿನ ಸೈಜು ನೋಡಿ ಹೇಳುವಂಥದ್ದಲ್ಲ ಇದು, ಅಳೆಯಲೇಬೇಕು. ಅಳೆಯಲು ಯಂತ್ರವೇನೂ ಬೇಡ. ಸಾಮಾನು ಬಂದ ರಟ್ಟಿನ ಪೆಟ್ಟಿಗೆಯಿಂದ, ಒಳಗೆ ಅಲೆಯಲೆಯಾಗಿರುವ ರಟ್ಟಿನ ಒಂದು ತುಂಡು ಕತ್ತರಿಸಿ ಗಟ್ಟಿ ಸ್ಟೂಲಿನ ಮೇಲಿಡಿ. ತೆಳು ಬಟ್ಟೆಯಲ್ಲಿ ಅದರ ಮೇಲೆ ಕೂತು, ಹಿಮ್ಮಡಿ ಎತ್ತಿ ತುಸು ಮುಂದೆ ಬಾಗಿ. ಎದ್ದಾಗ ಎರಡು ಕುಳಿ ಕಾಣುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಎಷ್ಟು ಮಿಲಿಮೀಟರ್ ಬಂತೋ ಅದಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಸೇರಿಸಿದರೆ ಬಾಗಿ ತುಳಿಯುವವರಿಗೆ ಬೇಕಾದ ಅಗಲದ ಅಂದಾಜು ಸಿಗುತ್ತದೆ. ನೆಟ್ಟಗೆ ಕೂರುವವರಿಗೆ ಇನ್ನೂ ಹೆಚ್ಚು ಬೇಕು. ಒಳ್ಳೆಯ ಕಂಪನಿಗಳ ಸೀಟು 143, 155, 168 ಹೀಗೆ ಬೇರೆ ಬೇರೆ ಅಗಲಗಳಲ್ಲಿ ಬರುತ್ತದೆ. 'ಲೇಡೀಸ್' ಎಂಬ ಚೀಟಿಗಿಂತ ಈ ಅಂಕಿಗೆ ಬೆಲೆ ಜಾಸ್ತಿ.

ನಡುವೆ ತೂತಿರುವ ಸೀಟಿನ ಕಥೆ ಹಳೆಯದು. 1890ರ ದಶಕದಲ್ಲಿ ಯುರೋಪು, ಅಮೆರಿಕಗಳಲ್ಲಿ ಹೆಂಗಸರು ಸೈಕಲ್ ಹತ್ತಿದಾಗ ಕೆಲವು ವೈದ್ಯರಿಗೆ ಅವರ ನೋವಿಗಿಂತ ಅವರ ಶೀಲದ ಚಿಂತೆಯೇ ದೊಡ್ಡದಾಗಿತ್ತು. ಸೀಟಿನ ಮೂತಿ ತಾಗಿ ಏನೇನೋ ಆದೀತೆಂದು ಬರೆದರು. ಆ ಗಾಬರಿಯ ನೆರಳಲ್ಲೇ ಮಧ್ಯೆ ಸೀಳಿದ, ಮೂತಿ ಮೊಟಕಾದ 'ಆರೋಗ್ಯಕರ' ಸೀಟುಗಳು ಮಾರಾಟಕ್ಕೆ ಬಂದವು. ಕಾರಣ ತಪ್ಪು, ಉಪಾಯ ಸರಿ. ನೂರು ವರ್ಷದ ನಂತರ ಅದೇ ಉಪಾಯವನ್ನು ಸರಿಯಾದ ಕಾರಣಕ್ಕೆ ಹಿಡಿದವರು ಅಮೆರಿಕದ ಜಾರ್ಜೀನಾ ಟೆರ್ರಿ. ಮೆಕ್ಯಾನಿಕಲ್ ಎಂಜಿನಿಯರ್ ಆಗಿದ್ದ ಈಕೆ 1985ರಲ್ಲಿ ಹೆಂಗಸರ ಮೈಯಳತೆಗೆ ಸೈಕಲ್ ಮಾಡುವ ಕಂಪನಿ ಕಟ್ಟಿದರು. 90ರ ದಶಕದಲ್ಲಿ ಮುಂಭಾಗ ಕೊರೆದ ಸೀಟು ತಂದರು. ಅದರ ರುಚಿ ಹತ್ತಿದ ಗಂಡಸರು ತಮಗೂ ಬೇಕೆಂದರು. ಈಗ ಗಂಡಸರ ಸೀಟಿನಲ್ಲೂ ಸೀಳು ಸಾಮಾನ್ಯ.

ಹಾಗಂತ ತೂತೇ ಮದ್ದಲ್ಲ. ಕೆಲವರಿಗೆ ತೂತಿನ ಅಂಚೇ ಕೊಯ್ಯುತ್ತದೆ. ಇನ್ನು ಕೆಲವರಿಗೆ ಮೃದು ಭಾಗ ತೂತಿನೊಳಕ್ಕೆ ಇಳಿದು ಊದಿಕೊಳ್ಳುತ್ತದೆ. ಸ್ಪೆಷಲೈಜ್ಡ್ ಕಂಪನಿ 2018ರಲ್ಲಿ 'ಮಿಮಿಕ್' ಎಂಬ ಹೆಸರಲ್ಲಿ ತಂದ ಹೆಂಗಸರ ಸೀಟು ಇದಕ್ಕೆ ಉತ್ತರ: ತೂತನ್ನು ಖಾಲಿ ಬಿಡದೆ ಮೆತ್ತನೆಯ ಫೋಮ್‌ನಿಂದ ತುಂಬಿದ್ದಾರೆ. ಬೆಲೆ ಮಾತ್ರ ನಮ್ಮ ಹಲವರ ಸೈಕಲ್‌ಗಿಂತ ಹೆಚ್ಚು.

ಇದು ಬರೀ ಸುಖದ ಮಾತಲ್ಲ. ಬ್ರಿಟನ್ನಿನ ಪ್ಯಾರಾಸೈಕ್ಲಿಸ್ಟ್ ಹ್ಯಾನಾ ಡೈನ್ಸ್ ವರ್ಷಗಟ್ಟಲೆ ಸೀಟಿನ ಒತ್ತಡ ತಡೆದುಕೊಂಡು, ಜನನಾಂಗದ ಹೊರಭಾಗದಲ್ಲಿ ಊತ ಕಟ್ಟಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. 2019ರಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಪತ್ರಿಕೆಯಲ್ಲಿ ಬರೆದರು. ಅದಕ್ಕೂ ಮೊದಲು, 2016ರ ರಿಯೊ ಒಲಿಂಪಿಕ್ಸ್‌ಗೆ ತಯಾರಾಗುತ್ತಿದ್ದ ಬ್ರಿಟನ್ನಿನ ಮಹಿಳಾ ತಂಡದಲ್ಲಿ ಇದೇ ಗೋಳು. ಫಿಸಿಯೋಥೆರಪಿಸ್ಟ್ ಫಿಲ್ ಬರ್ಟ್ ಮತ್ತು ಸಂಗಡಿಗರು ಘರ್ಷಣೆಯ ತಜ್ಞರನ್ನೂ ಶಸ್ತ್ರವೈದ್ಯರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸಿದರು. ಹೊರಬಂದ ಸಲಹೆಗಳಲ್ಲಿ ಒಂದು: ಅಲ್ಲಿನ ಕೂದಲು ತೆಗೆಯಬೇಡಿ. ಪುಕ್ಕಟೆ ಉಪಾಯ. ಸೀಟು ಹೆಚ್ಚುಕಡಿಮೆ ಮಟ್ಟಸವಾಗಿಯೇ ಇರಬೇಕೆಂಬ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆಯ ನಿಯಮವೂ ಆ ಹೊತ್ತಿಗೆ ಸಡಿಲಗೊಂಡು, 9 ಡಿಗ್ರಿವರೆಗೆ ಬಾಗಿಸಬಹುದು ಅಂತಾಯಿತು. ಪದಕಕ್ಕಾಗಿ ತುಳಿಯುವವರೇ ಇಷ್ಟು ದಿನ ಬಾಯಿ ಬಿಡದೆ ಕೂತಿದ್ದರೆಂದ ಮೇಲೆ, ಭಾನುವಾರ ಬೆಳಗ್ಗೆ ನಂದಿಬೆಟ್ಟ ಹತ್ತುವ ನಮ್ಮವರು ತಿಂಡಿಯ ಮೇಜಿನಲ್ಲಿ ಗೇರು, ಟೈರುಗಳ ಬಗ್ಗೆ ಗಟ್ಟಿಯಾಗಿ ಮಾತಾಡಿ ಸೀಟಿನ ವಿಷಯ ಬಂದಾಗ ಪಿಸುಗುಟ್ಟುವುದರಲ್ಲಿ ಆಶ್ಚರ್ಯವೇನು?

ನೋವಿನ ತಪ್ಪನ್ನೆಲ್ಲ ಸೀಟಿನ ತಲೆಗೇ ಕಟ್ಟುವುದೂ ಅನ್ಯಾಯ. ಹ್ಯಾಂಡಲ್ ದೂರವಾದರೆ ಸವಾರಿಣಿ ತನಗರಿವಿಲ್ಲದೆ ಸೀಟಿನ ಮೂತಿಗೆ ಜಾರಿ ಕೂರುತ್ತಾಳೆ. ಆಗ ಎಷ್ಟು ದುಬಾರಿ ಸೀಟಾದರೂ ದಂಡ. ನಮ್ಮಲ್ಲಿ ಸಿಗುವ ಫ್ರೇಮುಗಳು ಗಿಡ್ಡ ಹೆಂಗಸರಿಗೆ ಉದ್ದವೇ. ಇಂಥ ಕಡೆ ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಬದಲಿಸಿ ಒಂದೆರಡು ಸೆಂಟಿಮೀಟರ್ ಮೋಟಾದದ್ದನ್ನು ಹಾಕಿದರೆ ಸಾಕು, ಹಳೇ ಸೀಟೇ ಒಗ್ಗಿಕೊಂಡದ್ದನ್ನು ಕಂಡಿದ್ದೇನೆ. ಸೀಟು ಎತ್ತರವಾದರೆ ಸೊಂಟ ಅತ್ತಿತ್ತ ಓಲಾಡಿ ತೊಡೆಸಂದು ಉಜ್ಜುತ್ತದೆ. ಮಟ್ಟ ನೋಡಲು ಗಾರೆಯವರ ರಸಮಟ್ಟ ಇಟ್ಟುಕೊಳ್ಳಿ. ಮೂತಿ ಒಂದೆರಡು ಡಿಗ್ರಿ ಕೆಳಗಿದ್ದರೆ ಒಳ್ಳೆಯದು, ಅದಕ್ಕಿಂತ ಇಳಿದರೆ ಮುಂದಕ್ಕೆ ಜಾರಿ ಅಂಗೈ ನೋಯುತ್ತದೆ. ಸೀಟಿನ ಎತ್ತರ ಎಂದಾಗ ಕರ್ನಾಟಕ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಡತೊಡಗಿದ ಸೈಕಲ್ಲುಗಳು ನೆನಪಿಗೆ ಬರುತ್ತವೆ. ಹುಡುಗಿ ಎಂಟರಿಂದ ಹತ್ತಕ್ಕೆ ಬರುವಷ್ಟರಲ್ಲಿ ಬೆಳೆದಿರುತ್ತಿದ್ದಳು, ಸೀಟು ಮೊದಲ ದಿನ ನಟ್ಟು ಬಿಗಿದಲ್ಲೇ ಇರುತ್ತಿತ್ತು. ಒಂದು ಸ್ಪ್ಯಾನರಿನ ಕೆಲಸ ಯಾರೂ ಮಾಡಿಕೊಡದೆ ಅವಳು ಮೊಣಕಾಲು ಮಡಿಸಿಯೇ ಶಾಲೆಗೆ ತುಳಿಯುತ್ತಿದ್ದಳು.

ಬಟ್ಟೆಯ ಮಾತು ಬೇಗ ಮುಗಿಸುತ್ತೇನೆ. ಪ್ಯಾಡ್ ಇರುವ ಶಾರ್ಟ್ಸ್ ಒಳಗೆ ಚಡ್ಡಿ ಹಾಕಬಾರದು, ಅದರ ಹೊಲಿಗೆಯೇ ಅರ್ಧ ಗಾಯಕ್ಕೆ ಕಾರಣ. ಜೀನ್ಸ್‌ನ ನಾಲ್ಕು ಹೊಲಿಗೆಗಳು ಸೇರುವುದೂ ಆ ಕೆಟ್ಟ ಜಾಗದಲ್ಲೇ. ಮುಟ್ಟಿನ ದಿನಗಳಲ್ಲಿ ಪ್ಯಾಡಿನ ಅಂಚು ಉಜ್ಜುವುದರಿಂದ ದೂರ ಹೋಗುವವರಲ್ಲಿ ಅನೇಕರು ಕಪ್ ಬಳಸುತ್ತಾರೆ. ಭುಜಪಟ್ಟಿಯ ಬಿಬ್ ಶಾರ್ಟ್ಸ್ ಚೆನ್ನಾಗಿ ಕೂರುತ್ತದೆ, ನಿಜ. ಆದರೆ ಹೆದ್ದಾರಿಯ ಪೆಟ್ರೋಲ್ ಬಂಕ್‌ನ ಚಿಲಕವಿಲ್ಲದ ಶೌಚಾಲಯದಲ್ಲಿ ಜರ್ಸಿ ಬಿಚ್ಚಿ ನಿಲ್ಲುವ ಧೈರ್ಯ ನನಗಿಲ್ಲ. ಸೊಂಟದ ಶಾರ್ಟ್ಸೇ ಇರಲಿ.

ಇನ್ನು ಚರ್ಮದ ಸೀಟು. ಇಂಗ್ಲೆಂಡಿನ ಬ್ರೂಕ್ಸ್ ಕಂಪನಿ 1866ರದು. ಅವರ ಬಿ17 ಸೀಟು ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಇವತ್ತಿನವರೆಗೂ ತಯಾರಾಗುತ್ತಿದೆ. ಒತ್ತಿದರೆ ಹಲಗೆ. ಹೆಬ್ಬೆರಳು ಇದನ್ನು ನೋಡುತ್ತಲೇ ತಿರಸ್ಕರಿಸುತ್ತದೆ. ಆದರೆ ಲೋಹದ ಚೌಕಟ್ಟಿನ ಹಿಂದು ಮುಂದಿನ ತುದಿಗಳ ನಡುವೆ ಬಿಗಿದ ಆ ದಪ್ಪ ಚರ್ಮ ಕೆಲವು ನೂರು ಕಿಲೋಮೀಟರಿನಲ್ಲಿ ಕೂತವಳ ಮೂಳೆ ಇರುವಲ್ಲೇ ತಗ್ಗು ಬಿಟ್ಟುಕೊಡುತ್ತದೆ. ಮೂತಿ ಗಿಡ್ಡಗಿರುವ 'ಎಸ್' ಮಾದರಿಯೂ ಉಂಟು, ಅದು ಹೆಂಗಸರಿಗೆಂದೇ ಮಾಡಿದ್ದು. ಬ್ರೆವೆ ಎಂದರೆ ಗಡುವಿನೊಳಗೆ ಮುಗಿಸಬೇಕಾದ ದೂರಸವಾರಿ; 200 ಕಿಲೋಮೀಟರಿನದಕ್ಕೆ ಹದಿಮೂರೂವರೆ ಗಂಟೆ. ಅಷ್ಟು ಹೊತ್ತು ಕೂರುವವರ ಸೈಕಲ್‌ಗಳಲ್ಲಿ ಈ ಚರ್ಮ ಕಾಣಸಿಗುವುದು ಸುಮ್ಮನೆ ಅಲ್ಲ. ಮಲೆನಾಡಿನ ಮಳೆಗೆ ಇದು ಆಗದು, ನೆನೆದರೆ ಜೋಲುತ್ತದೆ. ಚರ್ಮ ಒಲ್ಲದವರಿಗೆ ಅವರದೇ ರಬ್ಬರಿನ ಕ್ಯಾಂಬಿಯಂ ಇದೆ. ನನಗೆ ಅದು ತುಸು ಒರಟು ಅನ್ನಿಸಿತು, ಮೆಚ್ಚಿದವರೂ ಇದ್ದಾರೆ.

ನಮ್ಮ ಅಂಗಡಿಗಳ ಮೇಲೆ ನನಗಿರುವ ದೂರು ಒಂದೇ. ಚಪ್ಪಲಿ ಅಂಗಡಿಯಲ್ಲಿ ನಾಲ್ಕು ಜೊತೆ ಹಾಕಿ ನಡೆದು ನೋಡಬಹುದು, ಸೀಟನ್ನು ಮಾತ್ರ ದುಡ್ಡು ಕೊಟ್ಟ ಮೇಲೇ ಕೂತು ನೋಡಬೇಕು. ಮೂರು ಅಗಲದ ಒಂದೊಂದು ಸೀಟನ್ನು ವಾರದ ಮಟ್ಟಿಗೆ ಕೊಟ್ಟು ಕಳಿಸುವ ಅಂಗಡಿ ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ಸವಾರರ ವಾಟ್ಸ್‌ಆ್ಯಪ್ ಗುಂಪುಗಳಿವೆ. ಒಬ್ಬಳಿಗೆ ಆಗದ ಸೀಟು ಅಲ್ಲಿ ಅರ್ಧ ಬೆಲೆಗೆ ಬರುತ್ತಲೇ ಇರುತ್ತದೆ. ಹಳೇ ಸೀಟು ಬಿಚ್ಚುವ ಮುಂಚೆ ಅದರ ಎತ್ತರ, ಹ್ಯಾಂಡಲ್‌ಗಿರುವ ದೂರ ಬರೆದಿಟ್ಟುಕೊಳ್ಳಿ. ಹೊಸದರಲ್ಲಿ ಮೂಳೆಯ ಜಾಗ ಮೊದಲ ಕೆಲವು ದಿನ ನೋಯುವುದು ಸಹಜ, ಮರಗಟ್ಟುವುದು ಸಹಜವಲ್ಲ. ಮತ್ತು ಗುಂಪಿನಲ್ಲಿ ಕೊಳ್ಳುವಾಗ ಮಾರುವವಳ ಬಳಿ ಬೆಲೆ ಕೇಳುವ ಮೊದಲು ಅವಳ ಮೂಳೆಯ ಅಳತೆ ಕೇಳಿ. ಮೊದಲು ನಗುತ್ತಾಳೆ, ಆಮೇಲೆ ಮಿಲಿಮೀಟರ್ ಲೆಕ್ಕದಲ್ಲಿ ಹೇಳುತ್ತಾಳೆ.